ಹತ್ತು ಸಲ ಒತ್ತಿದರೆ ಹದಿನೇಳು ಗುಂಡು

ಆಟದ ನ್ಯಾಯಪಾಲನಾ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ಎರಡು ತಿಂಗಳ ಹಿಂದೆ ಒಂದು ಭಾನುವಾರ, ಮಧ್ಯಾಹ್ನದ ಊಟ ಮುಗಿದು ತಟ್ಟೆಗಳಿನ್ನೂ ಮೇಜಿನ ಮೇಲಿದ್ದಾಗ, ತಾವು ನನ್ನ ತಂಗಿಯನ್ನು ಮೋಸಗಾರ್ತಿ ಎಂದು ಕರೆದಿರಿ. ಬಾಯಿಂದ ಕರೆಯಲಿಲ್ಲ, ನಿಮ್ಮ ಕಚೇರಿಗಳಲ್ಲಿ ಯಾರೂ ಬಾಯಿ ನೋಯಿಸಿಕೊಳ್ಳುವುದಿಲ್ಲ. ಹತ್ತು ಜನ ಸೇರಿ ಆಡುತ್ತಿದ್ದ ಪಂದ್ಯದ ನಟ್ಟನಡುವೆ ಪರದೆ ನಿಂತುಹೋಯಿತು. ಕೆಂಪು ಅಕ್ಷರಗಳಲ್ಲಿ ಒಂದು ಸಾಲು ಬಂತು: 'ಮೋಸಗಾರರೊಬ್ಬರನ್ನು ಪತ್ತೆಹಚ್ಚಿ ಶಾಶ್ವತವಾಗಿ ಹೊರಹಾಕಲಾಗಿದೆ.' ಪಕ್ಕದಲ್ಲಿ ಅವಳ ಆಟದ ಹೆಸರು. ಕೆಳಗೆ ಸಣ್ಣ ಅಕ್ಷರಗಳಲ್ಲಿ ಕಾರಣ: ಅನಧಿಕೃತ ಸಾಧನದ ಮೂಲಕ ಅನ್ಯಾಯದ ಲಾಭ. ಇದು ಅವಳೊಬ್ಬಳಿಗೇ ಕಾಣಿಸಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ಎದುರು ತಂಡದ ಐವರಿಗೂ, ಅವಳ ಕಡೆಯ ನಾಲ್ವರಿಗೂ ಕಾಣಿಸಿತು. ಆ ನಾಲ್ವರು ಅವಳ ಹಳೆಯ ವಿದ್ಯಾರ್ಥಿನಿಯರು.

ನನ್ನ ತಂಗಿ ಇಪ್ಪತ್ತಾರು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದಳು. ಕೊರಳಲ್ಲಿ ಸದಾ ಒಂದು ಸ್ಟೀಲ್ ಸೀಟಿ ತೂಗುತ್ತಿದ್ದುದರಿಂದ ಮಕ್ಕಳು 'ಸೀಟಿ ಮಿಸ್' ಎಂದೇ ಕರೆಯುತ್ತಿದ್ದರು. ಅವಳೂ ಅದನ್ನೇ ಇಟ್ಟುಕೊಂಡಳು. ನಿಮ್ಮ ಆಟದಲ್ಲಿ ಅವಳ ಹೆಸರು ಅದೇ. ತಾವು ಮೋಸಗಾರರ ಪಟ್ಟಿಗೆ ಸೇರಿಸಿದ್ದು ಎರಡು ತಲೆಮಾರಿನ ಹುಡುಗಿಯರು ಮೈದಾನದಲ್ಲಿ ಕೂಗಿದ ಹೆಸರನ್ನು.

ಆ ಸೀಟಿಯ ವಿಷಯ ಒಂದು ಹೇಳಬೇಕು. ಬಹಳ ವರ್ಷಗಳ ಹಿಂದೆ ಅಂತರಶಾಲಾ ವಾಲಿಬಾಲ್ ಫೈನಲ್‌ನಲ್ಲಿ ಇವಳ ಹುಡುಗಿಯರು ಕೊನೆಯ ಪಾಯಿಂಟ್ ಗೆದ್ದು ಕುಣಿಯತೊಡಗಿದ್ದರು. ಇವಳು ಬೆಂಚಿನಿಂದ ಎದ್ದು ಹೋಗಿ ರೆಫರಿಗೆ, "ನಮ್ಮ ಕ್ಯಾಪ್ಟನ್ ಬೆರಳು ನೆಟ್‌ಗೆ ತಾಗಿತು, ನೀವು ನೋಡಲಿಲ್ಲ" ಎಂದಳು. ಪಾಯಿಂಟ್ ಹೋಯಿತು, ಆಮೇಲೆ ಪಂದ್ಯವೂ ಹೋಯಿತು. ಬಸ್ಸಿನಲ್ಲಿ ಕ್ಯಾಪ್ಟನ್ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಾ, "ನಾನೇನು ಮೋಸ ಮಾಡಿದ್ನಾ ಮಿಸ್?" ಎಂದಳಂತೆ. ಇವಳು ಹೇಳಿದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ: "ನೆಟ್ ತಾಗಿದ್ರೆ ಫೌಲ್ ಕಣಮ್ಮ, ಮೋಸ ಅಲ್ಲ. ಪಾಯಿಂಟ್ ಕೊಟ್ಟು ಆಟ ಮುಂದುವರಿಸಬೇಕು. ತಾಗಿ ತಾಗಿಲ್ಲ ಅಂದ್ರೆ ಆಗ ಅದು ಮೋಸ."

ಇಂಥವಳಿಗೆ ನಲವತ್ತೊಂಬತ್ತನೇ ವಯಸ್ಸಿನಲ್ಲಿ ಕೈ ಸೋಲತೊಡಗಿತು. ಮೊದಲು ರವಿಕೆಯ ಗುಂಡಿ, ಆಮೇಲೆ ಬೀಗದ ಕೀಲಿ, ಆಮೇಲೆ ಸೀಟಿಯ ದಾರದ ಗಂಟು. ನರಗಳ ಕಾಯಿಲೆ, ಮುಂದಕ್ಕೆ ಹೋಗುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ ಎಂದರು ಡಾಕ್ಟರು. ಕೆಲಸ ಬಿಟ್ಟು ನನ್ನ ಮನೆಗೆ ಬಂದಳು. ನಾನು ಒಂಟಿ; ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರಗಳ ರಿಪೇರಿ ಅಂಗಡಿ, ಹಿಂದಿನ ಕೋಣೆಯಲ್ಲಿ ವಾಸ. ಮೂರು ತಿಂಗಳು ಕಿಟಕಿ ಪಕ್ಕದ ಕುರ್ಚಿಯಲ್ಲಿ ಗೋಡೆ ನೋಡುತ್ತಾ ಕೂತಳು. ಆಗ ಬಂದವಳು ಆ ಕ್ಯಾಪ್ಟನ್ ಹುಡುಗಿ. ಈಗ ಅವಳಿಗೂ ಮೂವತ್ತೆಂಟು, ಕನ್ನಡಕದ ಅಂಗಡಿ ಇಟ್ಟಿದ್ದಾಳೆ. ತನ್ನ ಹಳೇ ಕಂಪ್ಯೂಟರ್ ಹೊತ್ತು ತಂದು ಜೋಡಿಸಿ, "ಮಿಸ್, ಭಾನುವಾರ ನಾವು ನಾಲ್ಕು ಜನ ಆಡ್ತೀವಿ. ಐದನೆಯವರು ಬೇಕು. ಆಗಲ್ಲ ಅನ್ನಬೇಡಿ" ಎಂದಳು.

ಐದು ಜನ ಒಂದು ಕಡೆ, ಐದು ಜನ ಇನ್ನೊಂದು ಕಡೆ, ಗುಂಡು ಹಾರಿಸುವ ಆಟ. ಐವತ್ತು ದಾಟಿದ ಟೀಚರಿಗೆ ಇದೆಂಥ ಹುಚ್ಚು ಎಂದು ನಾನೂ ನಕ್ಕಿದ್ದೆ. ಆದರೆ ಮೊದಲ ದಿನವೇ ಅವಳ ಬೆನ್ನು ನೆಟ್ಟಗಾಯಿತು. "ಎಡಗಡೆ ಖಾಲಿ ಬಿಡಬೇಡ್ರೇ" ಎಂದು ಕೂಗಿದಳು. ಆ ದನಿ ಕೇಳಿ ನಾನು ಅಂಗಡಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತೆ.

ತೊಂದರೆ ಇದ್ದದ್ದು ಒಂದೇ. ಎಡಗೈ ಬೆರಳುಗಳು ಇನ್ನೂ ಹೇಳಿದ ಮಾತು ಕೇಳುತ್ತಿದ್ದವು. ಬಲ ಅಂಗೈಯಿಂದ ಮೌಸ್ ಸರಿಸಿ ಗುರಿ ಹಿಡಿಯುತ್ತಿದ್ದಳು. ಆದರೆ ಗುಂಡು ಹಾರಿಸಲು ತೋರುಬೆರಳು ಒತ್ತಬೇಕಲ್ಲ, ಅದು ಆಗುತ್ತಿರಲಿಲ್ಲ. ಕಾಲು ಗಟ್ಟಿಯಾಗಿತ್ತು. ಹೊಲಿಗೆ ಯಂತ್ರದವನಿಗೆ ಪೆಡಲ್‌ಗೆ ಬರವೇ? ಹಳೇ ಮೋಟಾರ್ ಪೆಡಲೊಂದನ್ನು ಬಿಚ್ಚಿ, ಒಳಗೆ ಹಿತ್ತಾಳೆಯ ಎರಡು ಪಟ್ಟಿ ಕೂರಿಸಿ, ಹೊಸ ಸ್ಪ್ರಿಂಗ್ ಹಾಕಿ, ಅದರ ತಂತಿಯನ್ನು ಮೌಸಿನ ಗುಂಡಿಗೆ ಸೇರಿಸಿದೆ. ಪಾದ ಒತ್ತಿದರೆ ಗುಂಡು. ಮಾನ್ಯರೇ, ತಾವು ಪತ್ತೆಹಚ್ಚಿದ ಭಯಂಕರ 'ಅನಧಿಕೃತ ಸಾಧನ' ಇದು.

ನಿಮ್ಮ ಆಟದಲ್ಲಿ ನಿಜವಾದ ಕಳ್ಳರಿಗೆ ಬರ ಬಂದಿದೆಯೇ? ಗುರಿಯನ್ನು ತಾನೇ ಹಿಡಿದುಕೊಡುವ ಪೆಟ್ಟಿಗೆಗಳು, ಬಂದೂಕಿನ ಒದೆತವನ್ನು ತಾನೇ ಸರಿದೂಗಿಸುವ ಪೆಟ್ಟಿಗೆಗಳು 'ಸಿಕ್ಕಿಬೀಳುವುದಿಲ್ಲ, ಖಾತ್ರಿ' ಎಂಬ ಜಾಹೀರಾತಿನೊಂದಿಗೆ ಹಾಡಹಗಲೇ ಮಾರಾಟವಾಗುತ್ತವೆಂದು ಕನ್ನಡಕದ ಅಂಗಡಿಯವಳು ನನಗೆ ತೋರಿಸಿದಳು. ಅಂಥವರನ್ನು ನೀವು ಬೆಳಿಗ್ಗೆ ಹೊರಹಾಕಿದರೆ ಸಂಜೆ ಇನ್ನೊಂದು ಹೆಸರಿಟ್ಟುಕೊಂಡು ಒಳಗೆ ಬರುತ್ತಾರೆ. ಅವರಿಗೆ ಹೆಸರುಗಳು ಬೇಕಾದಷ್ಟಿವೆ. ನನ್ನ ತಂಗಿಗೆ ಇರುವುದು ಒಂದೇ. ನಿಮ್ಮ ಅಷ್ಟು ದೊಡ್ಡ ಬಲೆಗೆ ಬಿದ್ದದ್ದು ತನ್ನ ರವಿಕೆಯ ಗುಂಡಿ ತಾನು ಹಾಕಿಕೊಳ್ಳಲಾಗದ ಹೆಂಗಸೇ?

ಅವಳು ಮೇಲ್ಮನವಿ ಬರೆಸಿದಳು. ಅವಳು ಹೇಳಿದಳು, ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಒಂದು ಗಂಟೆ ಹಿಡಿಯಿತು. ಉತ್ತರ ನಾಲ್ಕು ನಿಮಿಷದಲ್ಲಿ ಬಂತು. 'ಪ್ರಿಯ ಆಟಗಾರರೇ, ನಿಮ್ಮ ಪ್ರಕರಣವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ತೀರ್ಮಾನ ಅಂತಿಮ.' ಹೊಲಿಗೆ ಯಂತ್ರದ ಬಾಬಿನ್‌ನಲ್ಲಿ ದಾರ ಸಿಕ್ಕಿಹಾಕಿಕೊಂಡರೆ ನಾನು ಅದಕ್ಕಿಂತ ಹೆಚ್ಚು ಹೊತ್ತು ನೋಡುತ್ತೇನೆ. ಎರಡನೆಯ ಸಲ ಕಾಯಿಲೆಯ ಕಾಗದಗಳನ್ನೂ ಸೇರಿಸಿ ಕಳಿಸಿದೆವು. ಅದೇ ಉತ್ತರ, ಅದೇ ಅಲ್ಪವಿರಾಮ. ನಿಮ್ಮಲ್ಲಿ ಮನುಷ್ಯರು ಇದ್ದಾರೆಯೇ, ಅಥವಾ ಕೂಲಂಕಷವೆಂಬುದೂ ಒಂದು ಯಂತ್ರವೇ?

ಆ ವಾರ ಕನ್ನಡಕದ ಅಂಗಡಿಯವಳು ಫೋನ್ ಮಾಡಿದಳು. ತಂಗಿಗೆ ಫೋನ್ ಹಿಡಿಯಲಾಗುವುದಿಲ್ಲ, ಸ್ಪೀಕರ್ ಹಾಕಿ ಮೇಜಿನ ಮೇಲಿಡುತ್ತೇನೆ. ಹಾಗಾಗಿ ನನಗೂ ಕೇಳಿಸಿತು.

"ಮಿಸ್, ಬೇಜಾರು ಮಾಡ್ಕೋಬೇಡಿ. ಉಳಿದವರು ಕೇಳ್ತಿದ್ದಾರೆ. ಏನಾದ್ರೂ ಹಾಕ್ಕೊಂಡಿದ್ರಾ?"

"ಇಲ್ಲಮ್ಮ. ನಮ್ಮಣ್ಣ ಮಾಡಿಕೊಟ್ಟ ಪೆಡಲ್ ಒಂದೇ. ಅದರಲ್ಲಿ ಏನೂ ಇಲ್ಲ ಅಂದಿದ್ದಾನೆ. ಅವನು ಸುಳ್ಳು ಹೇಳೋನಲ್ಲ."

"ಸರಿ ಮಿಸ್."

ಆ 'ಸರಿ ಮಿಸ್' ಎಂಬುದನ್ನು ನೀವು ಕೇಳಬೇಕಿತ್ತು. ಬೇಸಿಗೆ ರಜೆಗೆ ಮುಂಚೆ ಸುಳ್ಳು ರಜಾಚೀಟಿ ತಂದ ಮಕ್ಕಳಿಗೆ ಟೀಚರುಗಳು 'ಸರಿ' ಎನ್ನುತ್ತಾರಲ್ಲ, ಹಾಗಿತ್ತು. ಆಮೇಲಿನ ಭಾನುವಾರಗಳಲ್ಲಿ ಅವರು ಬೇರೆ ಯಾರನ್ನೋ ಐದನೆಯವರನ್ನಾಗಿ ಕರೆದುಕೊಂಡರು. ತಂಗಿ ಮತ್ತೆ ಗೋಡೆ ನೋಡುವ ಕುರ್ಚಿಗೆ ಹೋದಳು.

ಅದಕ್ಕೂ ಮುಂಚೆ, ಹೊರಹಾಕಿದ ಮಾರನೆಯ ದಿನ, ಅವಳು ನನ್ನನ್ನೂ ಒಂದು ಮಾತು ಕೇಳಿದ್ದಳು. "ಅಣ್ಣ, ಆ ಪೆಡಲ್ ಒಂದ್ಸಲ ಬಿಚ್ಚಿ ನೋಡ್ತೀಯಾ?" ನಾನು ರೇಗಿದೆ. "ಮೂವತ್ತೈದು ವರ್ಷದಿಂದ ಪೆಡಲ್ ಬಿಚ್ಚಿ ಕಟ್ಟಿ ಮಾಡ್ತಿದ್ದೀನಿ. ಅದರಲ್ಲಿ ಏನೂ ಇಲ್ಲ, ಸುಮ್ನಿರು." ನಾನು ಬಿಚ್ಚಲಿಲ್ಲ. ನಿಮ್ಮ ಯಂತ್ರ ಏನೋ ಬೊಗಳಿತೆಂದು ನನ್ನ ಕೈಕೆಲಸವನ್ನು ನಾನೇ ಅನುಮಾನಿಸಬೇಕಿತ್ತೇ?

ಮಾನ್ಯರೇ, ಇಲ್ಲಿಯವರೆಗಿನದನ್ನು ಹದಿನೈದು ದಿನಗಳ ಹಿಂದೆ ಬರೆದಿದ್ದೆ. ಒಂದಕ್ಷರವನ್ನೂ ತಿದ್ದಿಲ್ಲ. ಬೈದದ್ದರಲ್ಲಿ ಬಹುಪಾಲು ನಿಮಗೆ ಸಲ್ಲಬೇಕಾದದ್ದೇ. ಉಳಿದದ್ದು ಯಾರಿಗೆ ಸಲ್ಲಬೇಕೆಂದು ಈಗ ಹೇಳುತ್ತೇನೆ.

ಪತ್ರದ ಜೊತೆ ಪೆಡಲಿನ ಒಳಭಾಗದ ಫೋಟೋ ಇಟ್ಟು ನಿಮ್ಮ ಮುಖಕ್ಕೆ ಹಿಡಿಯಬೇಕೆಂದು ಅದನ್ನು ಅಂಗಡಿಯ ಬೆಂಚಿಗೆ ತಂದೆ. ನಾಲ್ಕು ಸ್ಕ್ರೂ ಬಿಚ್ಚಿದೆ. ಎಲ್ಲಾ ಸರಿಯಾಗಿಯೇ ಇತ್ತು. ಸರಿಯಾಗಿದೆ ಎಂಬುದಕ್ಕೂ ಒಂದು ಪುರಾವೆ ಇರಲೆಂದು, ಒತ್ತಿದ್ದನ್ನು ಎಣಿಸುವ ಪುಟವೊಂದನ್ನು ಕಂಪ್ಯೂಟರಿನಲ್ಲಿ ತೆರೆದು, ನಿಧಾನವಾಗಿ ಹತ್ತು ಸಲ ಒತ್ತಿದೆ. ಪರದೆಯ ಮೇಲೆ ಹದಿನೇಳು ಎಂದಿತ್ತು. ಮತ್ತೆ ಹತ್ತು ಒತ್ತಿದೆ. ಹದಿನಾರು. ಎದ್ದು ನೀರು ಕುಡಿದು ಬಂದು ಇನ್ನೊಮ್ಮೆ ಒತ್ತಿದೆ. ಹದಿನೇಳು.

ನಿಮಗೆ ಅರ್ಥವಾಗಲೆಂದು ಹೇಳುತ್ತೇನೆ. ಹೊಲಿಗೆ ಯಂತ್ರದ ಪೆಡಲಿನಲ್ಲಿ ನಮ್ಮ ದೊಡ್ಡ ಭಯವೆಂದರೆ ಕಾಲೆತ್ತಿದ ಮೇಲೂ ಯಂತ್ರ ಓಡುವುದು. ಸೂಜಿ ಬೆರಳಿನೊಳಗೆ ಇಳಿದುಬಿಡುತ್ತದೆ. ಹಾಗಾಗಿ ನನ್ನ ಕೈಗೆ ಬಂದ ಪೆಡಲಿಗೆಲ್ಲಾ ನಾನು ಬಿಗಿ ಸ್ಪ್ರಿಂಗ್ ಹಾಕುತ್ತೇನೆ. ಅದು ನನ್ನ ಅಂಗಡಿಯ ಹೆಮ್ಮೆ. ಮೋಟಾರಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ನಾನು ಕೂರಿಸಿದ ತೆಳು ಹಿತ್ತಾಳೆ ಪಟ್ಟಿ ಆ ಬಿಗಿಗೆ ಅದುರುತ್ತಿತ್ತು. ಒಮ್ಮೆ ಒತ್ತಿದರೆ ಪಟ್ಟಿ ತಾಗಿ, ಬಿಟ್ಟು, ಮತ್ತೆ ತಾಗುತ್ತಿತ್ತು. ಕಣ್ಣಿಗೆ ಕಾಣದಷ್ಟು ಬೇಗ. ಕಂಪ್ಯೂಟರಿಗೆ ಕಾಣುತ್ತದೆ. ಒಂದು ಒತ್ತಿಗೆ ಒಂದೇ ಗುಂಡು ಹಾರಬೇಕಾದ ಬಂದೂಕಿನಿಂದ ಬಹಳಷ್ಟು ಸಲ ಎರಡು ಹಾರುತ್ತಿದ್ದವು. ಯಾವ ಮನುಷ್ಯನ ಬೆರಳಿಗೂ ಆಗದ ವೇಗ ಅದು. ನಿಮ್ಮ ಯಂತ್ರ ಸುಳ್ಳು ಹೇಳಿರಲಿಲ್ಲ.

ಎರಡು ದಿನ ಅವಳ ಮುಖ ನೋಡದೆ ಓಡಾಡಿದೆ. ಸುಮ್ಮನಿದ್ದುಬಿಡಬಹುದಿತ್ತು. ಸ್ಪ್ರಿಂಗ್ ಬದಲಾಯಿಸಿ ಫೋಟೋ ತೆಗೆದು ಕಳಿಸಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಹಳೇ ಸ್ಪ್ರಿಂಗ್ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡು ಕೂತೂ ಇದ್ದೆ. ಆದರೆ ನೆಟ್ ತಾಗಿತ್ತು, ತಾಗಿಲ್ಲವೆಂದು ನಾನು ಆಗಲೇ ಒಂದು ಸಲ ಹೇಳಿಯಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಅವಳ ತಲೆ ಬಾಚುತ್ತಾ, ಹಿಂದೆ ನಿಂತುಕೊಂಡೇ ಎಲ್ಲಾ ಹೇಳಿಬಿಟ್ಟೆ.

ಅವಳು ಸಿಟ್ಟಾಗುತ್ತಾಳೆಂದುಕೊಂಡಿದ್ದೆ. ಅವಳು ಕೇಳಿದ್ದು: "ಹತ್ತಕ್ಕೆ ಹದಿನೇಳಾ?"

"ಹೂಂ."

"ಹಾಗಾದ್ರೆ ನಾನು ಕಲಿತಿದ್ದು ಎಷ್ಟು, ಅಣ್ಣ?"

ಮಾನ್ಯರೇ, ಎಂಟು ತಿಂಗಳು ಆಡಿದ್ದಳು. ಆ ಎಂಟು ತಿಂಗಳಲ್ಲಿ ಚಮಚ ಹಿಡಿಯುವುದು ಹೋಯಿತು, ಪುಟ ತಿರುವುವುದು ಹೋಯಿತು, ಕತ್ತು ಎತ್ತಿ ಕೂರುವುದು ಕಷ್ಟವಾಯಿತು. ಏರಿದ್ದು ಒಂದೇ, ನಿಮ್ಮ ಆಟದ ಅಂಕ. "ನೋಡು, ಇದೊಂದರಲ್ಲಿ ಮುಂದಕ್ಕೆ ಹೋಗ್ತಿದ್ದೀನಿ" ಎಂದು ಪ್ರತಿ ಭಾನುವಾರ ನನಗೆ ತೋರಿಸುತ್ತಿದ್ದಳು. ಅದರಲ್ಲಿ ಅವಳದೆಷ್ಟು, ನನ್ನ ಸ್ಪ್ರಿಂಗಿನದೆಷ್ಟು? ನಾನು ಬಾಚಣಿಗೆ ಹಿಡಿದು ನಿಂತಲ್ಲೇ ಅತ್ತೆ.

"ಬೀರುವಿನಲ್ಲಿ ಸೀಟಿ ಇದೆ, ತಗೊಂಡ್ಬಾ" ಎಂದಳು. ತಂದು, ಅಂಗಿಯ ಅಂಚಿನಿಂದ ಒರೆಸಿ, ಅವಳ ತುಟಿಗಳ ನಡುವೆ ಇಟ್ಟೆ. ಎರಡು ಸಲ ಬರೀ ಗಾಳಿ ಬಂತು. ಮೂರನೆಯ ಸಲ ಸಣ್ಣಗೆ ಕೂಗಿತು. ಮೈದಾನದ ಆ ತುದಿಯ ಹುಡುಗಿಯನ್ನು ನಿಲ್ಲಿಸುತ್ತಿದ್ದ ಸೀಟಿ, ಈಗ ಪಕ್ಕದ ಕೋಣೆಗೂ ಕೇಳಿಸಿರಲಿಕ್ಕಿಲ್ಲ. ಸೀಟಿ ತೆಗೆದೆ. ಗದ್ದದಿಂದ ನನ್ನ ಕಡೆ ತೋರಿಸಿದಳು.

"ಫೌಲ್. ನಿಂದು" ಎಂದಳು. "ಅವರಿಗೆ ಬರಿ. ಪಾಯಿಂಟೆಲ್ಲಾ ವಾಪಸ್ ತಗೊಳ್ಳಿ ಅಂತ ಬರಿ."

"ಮತ್ತೆ ಆಡೋದಕ್ಕೆ ಬಿಡಿ ಅಂತ ಬರೀಲಾ?"

ಮಡಿಲಲ್ಲಿ ಬಿದ್ದಿದ್ದ ಕೈಗಳನ್ನು ನೋಡಿಕೊಂಡಳು. "ಇನ್ನೆಲ್ಲಿ ಆಟ, ಅಣ್ಣ. ಆ ಮಾತೊಂದು ತೆಗೆಸು."

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅವಳು ಗೆದ್ದ ಪಂದ್ಯಗಳನ್ನೆಲ್ಲಾ ರದ್ದು ಮಾಡಿ, ಎದುರು ತಂಡದವರ ಪಾಯಿಂಟ್ ಅವರಿಗೆ ಕೊಡಿ. ನಾವು ತಕರಾರು ಮಾಡುವುದಿಲ್ಲ. ಅವರಿಗೆ ಅನ್ಯಾಯವಾಗಿದೆ, ನನ್ನಿಂದ ಆಗಿದೆ, ಕ್ಷಮೆ ಕೇಳುತ್ತೇನೆ. ಆದರೆ 'ಮೋಸಗಾರ' ಎಂಬ ಪದವನ್ನು ಅವಳ ಹೆಸರಿನ ಪಕ್ಕದಿಂದ ತೆಗೆದು 'ಫೌಲ್' ಎಂದು ಬರೆಯಿರಿ; ತೆಗೆದದ್ದನ್ನು ಅಂದು ಆಡುತ್ತಿದ್ದ ಒಂಬತ್ತು ಪರದೆಗಳಲ್ಲೂ ಅದೇ ಕೆಂಪು ಅಕ್ಷರಗಳಲ್ಲಿ ತೋರಿಸಿ. ನಿಮ್ಮ ಆಟದಲ್ಲಿ ಫೌಲ್ ಎಂಬ ಪದವೇ ಇಲ್ಲವೆಂದು ಕನ್ನಡಕದ ಅಂಗಡಿಯವಳು ಹೇಳಿದಳು. (ನಿನ್ನೆ ನಾನೇ ಅವಳ ಅಂಗಡಿಗೆ ಹೋಗಿ ಎಲ್ಲಾ ಹೇಳಿ ಬಂದೆ. ಅವಳು ಅಂಗಡಿ ಮುಚ್ಚಿ ನನ್ನ ಜೊತೆಯಲ್ಲೇ ಬಂದಳು.) ಇಲ್ಲದಿದ್ದರೆ ಸೇರಿಸಿ. ಗೊತ್ತಿಲ್ಲದೆ ತಾಗಿದವರಿಗೂ ಗೊತ್ತಿದ್ದೇ ಕದ್ದವರಿಗೂ ಒಂದೇ ಹೆಸರಿಡುವುದನ್ನು ನ್ಯಾಯಪಾಲನೆ ಎಂದು ಯಾರು ಕರೆದರು?

ಇನ್ನೊಂದಿದೆ, ಇದು ಬೇಡಿಕೆಯಲ್ಲ, ಬೇಡುವುದೇ. ಅವಳು ಹಾರಿಸಿದ ಪ್ರತಿಯೊಂದು ಗುಂಡಿನ ದಾಖಲೆ ನಿಮ್ಮಲ್ಲಿದೆ, ಅದರಿಂದಲೇ ತಾವು ಅವಳನ್ನು ಹಿಡಿದಿರಿ. ಅದೇ ದಾಖಲೆ ಇಟ್ಟುಕೊಂಡು, ಸ್ಪ್ರಿಂಗ್ ಹಾರಿಸಿದ ಗುಂಡುಗಳನ್ನೆಲ್ಲಾ ಕಳೆದು, ಅವಳ ಪಾದ ಒತ್ತಿ ಅವಳ ಕಣ್ಣು ಹಿಡಿದ ಗುರಿಗೆ ತಾಗಿದವು ಎಷ್ಟೆಂದು ಎಣಿಸಿ ತಿಳಿಸಿ. ಮೊದಲ ತಿಂಗಳು ಎಷ್ಟು, ಎಂಟನೆಯ ತಿಂಗಳು ಎಷ್ಟು. ಎಷ್ಟೇ ಕಡಿಮೆ ಇರಲಿ. ಮನುಷ್ಯರೊಬ್ಬರು ಕೂತು ಎಣಿಸಿ. ನಾಲ್ಕು ನಿಮಿಷ ಸಾಲದು, ಆದರೆ ಬಹಳ ತಡವೂ ಮಾಡಬೇಡಿ. ಅವಳು ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕಾದವನು ನಾನು, ಅದು ಅವಳ ಕಿವಿಗೆ ಬೀಳುವ ಹಾಗೆ ಹೇಳಬೇಕು.

ಇಂತಿ,
ಕೇಳಿದಾಗ ಪೆಡಲ್ ಬಿಚ್ಚಿ ನೋಡದ ಅಣ್ಣ