ವಾಪಸ್ ಬಂದ ಕಾರುಗಳು

ಜೂನ್ 4, ಬುಧವಾರ

ಕಾರು ಕಂಪನಿಯಿಂದ ಮತ್ತೆ ಅದೇ ಮೇಲ್. ಹೊಸ ಎಲೆಕ್ಟ್ರಿಕ್ ಕಾರು, ಮೊದಲ ಮೂರು ತಿಂಗಳಲ್ಲಿ ಮೂರು ಸಾವಿರ. ಕಾರಿಗೊಂದು ಮುಚ್ಚಳ — ಚಾರ್ಜರ್ ಚುಚ್ಚುವ ಜಾಗದ್ದು — ನಮ್ಮ ವರ್ಕ್‌ಶಾಪಿನಿಂದಲೇ ಹೋಗಬೇಕು. ಸದ್ಯ ಒಂದೇ ಶಿಫ್ಟಿನಲ್ಲಿ ಆದಷ್ಟು ಕಳಿಸುತ್ತಿದ್ದೇವೆ. ವರ್ಕ್‌ಶಾಪಿನ ಯಜಮಾನರು ಕನ್ನಡಕ ಹಣೆಗೇರಿಸಿ ಕೇಳಿದರು.

“ನಿಜವಾಗ್ಲೂ ಎಷ್ಟು ಮಾಡ್ತಾರಮ್ಮ? ನಿನ್ನ ಅಂದಾಜು ಹೇಳು. ಎರಡನೇ ಶಿಫ್ಟ್‌ಗೆ ಹನ್ನೆರಡು ಜನಕ್ಕೆ ಬರೋಕೆ ಹೇಳಿದೀನಿ.”

ಪ್ಲಾನಿಂಗ್ ನನ್ನ ಕೆಲಸ. ಹೋದ ಸಲ ಸ್ಕೂಟರ್ ವಿಷಯದಲ್ಲಿ ಇದೇ ಕಂಪನಿಯ ಮಾತು ನಂಬಿ ಕೆಟ್ಟೆವು. ಗೋಡೌನಿನ ಅರ್ಧ ಈಗಲೂ ಅದೇ ಮಾಲು. ಮತ್ತೆ ಕಿವಿಗೆ ಹೂ ಇಡಿಸಿಕೊಳ್ಳುವುದಿಲ್ಲ.

ಜೂನ್ 8, ಭಾನುವಾರ

ಅಕ್ಕನ ಮನೆಯಲ್ಲಿ ಊಟ. ಭಾವ ಓಡಿಸುವುದು ಆ ಕಂಪನಿಯ ಕಾರು ಸಾಗಿಸುವ ಟ್ರೇಲರ್. ಸುಮ್ಮನೆ ಎಂಬಂತೆ ಕೇಳಿದೆ. “ದಿನಕ್ಕೆ ಎಷ್ಟು ಟ್ರಿಪ್ ಭಾವ?”

“ಒಂದೊಂದ್ ದಿನ ಒಂದೊಂದ್ ಥರ.” ಅಕ್ಕನ ಮುಖ ನೋಡಿದರು.

ಅಕ್ಕ ಸೌಟು ಕುಕ್ಕಿದಳು. “ಊಟಕ್ಕೆ ಕರೆದ್ರೆ ಪೊಲೀಸರ ಥರ ವಿಚಾರಣೆ ಮಾಡ್ತೀಯಲ್ಲೇ.”

ನಗಲಿಲ್ಲ ಯಾರೂ. ಏನೋ ಇದೆ...

ಜೂನ್ 12

ಕಂಪನಿ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದೆ. ಭಾವನ ಟ್ರೇಲರ್ ಬಂತು. ಹೊರಗೆ ಬರಲಿಲ್ಲ — ಒಳಗೆ ಹೋಯಿತು. ತುಂಬಿಕೊಂಡು. ಎಲ್ಲ ಹೊಚ್ಚಹೊಸ ಕಾರುಗಳೇ. ಹಿಂದೆಯೇ ಇನ್ನೊಂದು.

ಹಾಗಾದರೆ ಅದೇ ಕಾರುಗಳನ್ನು ಊರು ಸುತ್ತಿಸಿ ವಾಪಸ್ ತರುತ್ತಿದ್ದಾರೆ. ಎಷ್ಟೊಂದು ತಯಾರಾಗುತ್ತಿವೆ ಎಂದು ನೋಡಿದವರು ಬಾಯಿ ಬಿಡಲಿ ಎಂದು. ಭಾವನಿಗೆ ಗೊತ್ತು. ಅಕ್ಕನಿಗೂ ಗೊತ್ತು. ನನ್ನಿಂದ ಮುಚ್ಚಿಡುತ್ತಿದ್ದಾರೆ.

ಜೂನ್ 13

ಹೇಳಿಬಿಟ್ಟೆ. “ಸಾವಿರದ ಮೇಲೆ ಹೋಗಲ್ಲ ಸರ್.”

“ಗ್ಯಾರಂಟಿನಾ?”

“ಕಣ್ಣಾರೆ ನೋಡಿದೀನಿ.”

ಎರಡನೇ ಶಿಫ್ಟ್ ರದ್ದು. ಹನ್ನೆರಡು ಜನರಿಗೂ ಫೋನ್ ಮಾಡಿ ಬರಬೇಡಿ ಅಂದದ್ದು ನಾನೇ. ಒಬ್ಬಾಕೆ ಆಗಲೇ ಹಳೇ ಕೆಲಸ ಬಿಟ್ಟಿದ್ದಳಂತೆ. ಜಗಳವಾಡಲಿಲ್ಲ. “ಆಯ್ತು ಮೇಡಂ” ಅಂದಳು. ಬೈದಿದ್ದರೆ ವಾಸಿಯಿತ್ತು.

ಜುಲೈ 1

ಕಂಪನಿಯಿಂದ ಮತ್ತೆ ಫೋನ್ — ಮುಚ್ಚಳ ಸಾಲುತ್ತಿಲ್ಲವಂತೆ. ಕಳಿಸದಿದ್ದರೆ ಅಚ್ಚು ವಾಪಸ್ ಒಯ್ಯುತ್ತಾರಂತೆ. ಮುಚ್ಚಳದ ಅಚ್ಚು ಅವರದ್ದೇ, ನಮ್ಮದು ಬರೀ ಮಷಿನ್. ಯಜಮಾನರು ಹೆದರಿದ್ದಾರೆ. ಬರೀ ನಾಟಕ, ಬಗ್ಗಬೇಡಿ ಅಂದೆ. ಅಕ್ಕ ಫೋನ್ ಮಾಡುತ್ತಲೇ ಇದ್ದಾಳೆ. ಎತ್ತುತ್ತಿಲ್ಲ. ಯಾರ ಪರವಾಗಿ ಮಾಡುತ್ತಿದ್ದಾಳೋ.

ಜುಲೈ 5, ಶನಿವಾರ

ಭಾವ ಮನೆಗೇ ಬಂದರು. ಬಾಗಿಲಲ್ಲೇ ನಿಂತು, “ಒಂದ್ಸಲ ನನ್ನ ಜೊತೆ ಬಾ” ಅಂದರು.

ಊರಾಚೆ ಬೇಲಿ ಹಾಕಿದ ಬಯಲು. ಅದರ ತುಂಬ ಆ ಕಾರೇ. ಕಣ್ಣು ಹಾಯುವಷ್ಟು ದೂರ. ಒಂದೊಂದರ ಚಾರ್ಜಿಂಗ್ ತೂತಿಗೂ ಪ್ಲಾಸ್ಟಿಕ್ ಹೊದಿಸಿ ಟೇಪು ಅಂಟಿಸಿದ್ದರು.

“ಕಾರು ರೆಡಿ, ನಿಮ್ಮ ಮುಚ್ಚಳ ಇಲ್ಲ. ಒಳಗೆ ಜಾಗ ಸಾಲದೆ ಇಲ್ಲಿ ತಂದು ನಿಲ್ಲಿಸ್ತೀವಿ. ಮುಚ್ಚಳ ಬಂದಷ್ಟನ್ನ ವಾಪಸ್ ಒಯ್ದು ಹಾಕಿಸ್ತೀವಿ.”

“ಅವತ್ತೇ ಯಾಕೆ ಹೇಳ್ಲಿಲ್ಲ ಭಾವ?”

“ನಿಮ್ಮ ವರ್ಕ್‌ಶಾಪಿಂದಲೇ ತಡ ಅಂತ ಅಲ್ಲಿ ಎಲ್ರೂ ಬೈತಿದ್ರು. ಊಟದ ಹೊತ್ತಲ್ಲಿ ಅವಳ ಮನಸ್ಸು ನೋಯಿಸ್ಬೇಡಿ ಅಂದಿದ್ಲು ನಿಮ್ಮಕ್ಕ.”

ಅಲ್ಲಿಂದಲೇ ಯಜಮಾನರಿಗೆ ಫೋನ್. “ಸರ್, ನನ್ನ ಅಂದಾಜು ಪೂರ್ತಿ ತಪ್ಪು. ಇವತ್ತೇ ಎರಡನೇ ಶಿಫ್ಟ್ ಶುರು ಮಾಡೋಣ.”

ಆ ಕಡೆ ಸರಪಳಿ ಎಳೆಯುವ ಸದ್ದು. ಯಾರೋ ‘ನಿಧಾನ, ನಿಧಾನ’ ಅನ್ನುತ್ತಿದ್ದರು.

“ಅಚ್ಚು ಬಿಚ್ಚಿ ಲಾರಿಗೆ ಏರಿಸ್ತಿದಾರಮ್ಮ,” ಅಂದರು. “ಬೇರೆಯವರಿಗೆ ಕೊಟ್ರಂತೆ.”



ಜುಲೈ 7, ಬೆಳಿಗ್ಗೆ

ಮೊದಲ ಶಿಫ್ಟಿನವರು ಒಬ್ಬೊಬ್ಬರೇ ಬರುತ್ತಿದ್ದಾರೆ. ಖಾಲಿ ಮಷಿನ್ ನೋಡಿ ಪಿಸುಗುಟ್ಟುತ್ತಿದ್ದಾರೆ. ಕಂಪನಿ ಮೋಸ ಮಾಡಿತು ಅಂತ ಒಬ್ಬ ಗಟ್ಟಿಯಾಗಿಯೇ ಅಂದ. ಉಳಿದವರು ತಲೆಯಾಡಿಸಿದರು. ಯಜಮಾನರೂ ಸುಮ್ಮನಿದ್ದಾರೆ. ಎದ್ದು ಹೋಗಿ ಹೇಳಬೇಕು — ಮೋಸ ಮಾಡಿದ್ದು ಅವರಲ್ಲ, ಲೆಕ್ಕ ತಪ್ಪಿದ್ದು —