ಅಮ್ಮನ ತೋಳಿನ ಚಿನ್ನದ ತಂತಿ

ಮಾರ್ಚ್ ೯
ಅಂಗಡಿಯಿಂದ

ಅಕ್ಕ,

ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಉತ್ತರ ತಡವಾಯಿತು. ಕೆಲಸ ಹೆಚ್ಚಿತ್ತೆಂದು ಸುಳ್ಳು ಹೇಳುವುದಿಲ್ಲ. ನಿನ್ನ ಅಕ್ಷರ ಕಂಡರೆ ಮೈ ಉರಿಯುತ್ತಿತ್ತು.

ಅಮ್ಮ ಹೇಗಿದ್ದಾಳೆ ಎಂದು ಕೇಳಿದ್ದೀಯ. ಕಾಲಿನ ಹುಣ್ಣು ಮಾಯ್ದಿದೆ. ಮೂತ್ರಪಿಂಡ ಉಳಿಯಿತು. ಕಿವಿ ಹೋಯಿತು. ಇನ್ನು ಬರುವುದಿಲ್ಲ ಎಂದು ಕಿವಿಯ ಡಾಕ್ಟರು ಹೇಳಿದ್ದನ್ನು ನಾನೇ ಸ್ಲೇಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ತೋರಿಸಬೇಕಾಯಿತು. ಕಾಯಿಲೆಯಿಂದ ಹೀಗಾಯಿತು ಎಂದು ಅದರ ಕೆಳಗೆ ಸೇರಿಸಿದೆ.

ಮೊದಲೆಲ್ಲ ಗಿರಾಕಿ ಹೊಲಿಗೆಯಂತ್ರವನ್ನು ರಿಪೇರಿಗೆ ತಂದು ಬೆಂಚಿನ ಮೇಲಿಟ್ಟು ಒಂದು ಸುತ್ತು ತಿರುಗಿಸಿದರೆ ಸಾಕಿತ್ತು, ಅಮ್ಮ ಒಳಮನೆಯಿಂದಲೇ ಸದ್ದು ಕೇಳಿ, "ಬಾಬಿನ್ ಡಬ್ಬಿ ಸಡಿಲ ಆಗಿದೆ, ಬಿಚ್ಚು" ಅನ್ನುತ್ತಿದ್ದಳು. ಈಗ ಯಂತ್ರದ ಮೈಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ಕೂರುತ್ತಾಳೆ. ಏನೂ ತಿಳಿಯದೆ ನನ್ನ ಮುಖ ನೋಡುತ್ತಾಳೆ. ಆ ನೋಟವನ್ನು ನೀನು ನೋಡಬೇಕಿತ್ತು.

ನಿನ್ನ ಪತ್ರದ ತುಂಬ ನಿನ್ನ ಪ್ರಯೋಗದ ನಿಯಮ. ನನಗೆ ನೆನಪಿರುವುದು ಬೇರೆ. ಆಸ್ಪತ್ರೆಯಲ್ಲಿ ನಿಮ್ಮ ಲ್ಯಾಬಿನ ತಂತಿ ಚುಚ್ಚುವಾಗ ಅಮ್ಮನ ತೋಳು ಹಿಡಿದು ನೀನು ಎಷ್ಟು ಮುದ್ದಾಗಿ ಹೇಳಿದ್ದೆ: "ಕೂದಲಿನಷ್ಟು ಸಣ್ಣ ಚಿನ್ನದ ತಂತಿ ಅಮ್ಮಾ. ಅದರ ಮೇಲೆ ಡಿಎನ್‌ಎ ಎಳೆಗಳನ್ನ ನೆಟ್ಟಿದ್ದೀವಿ. ಔಷಧಿಯ ಅಣು ಸಿಕ್ಕಿದ್ರೆ ಎಳೆ ಮಡಚಿಕೊಳ್ಳುತ್ತೆ, ಕರೆಂಟ್ ಬದಲಾಗುತ್ತೆ. ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ತಕ್ಷಣ ಗೊತ್ತಾಗುತ್ತೆ." ಅಮ್ಮ ಪಕ್ಕದ ಹಾಸಿಗೆಯವಳ ಕಡೆ ತಿರುಗಿ, "ಅಂತೂ ದೊಡ್ಡ ಮಗಳು ಚಿನ್ನ ಹಾಕಿದ್ಲು, ಕಾಣಿಸೋದಿಲ್ಲ ಅಷ್ಟೆ" ಎಂದು ನಕ್ಕಳು. ನಾವೂ ನಕ್ಕೆವು.

ಡ್ರಿಪ್‌ನಲ್ಲಿ ಕೊಡುತ್ತಿದ್ದ ಔಷಧಿ ಮಿತಿ ಮೀರಿದರೆ ಕಿವಿಯನ್ನು ತಿನ್ನುತ್ತದೆ ಎಂದು ನಿನಗೆ ಗೊತ್ತಿತ್ತು. ಆಸ್ಪತ್ರೆಯ ರಕ್ತಪರೀಕ್ಷೆಯ ಉತ್ತರ ಮರುದಿನ ಬರುತ್ತದೆ ಎಂದೂ ಗೊತ್ತಿತ್ತು. ಆದರೂ ನೀನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ರಕ್ತದಲ್ಲಿನ ಔಷಧಿ ತೋರಿಸುವ ಗೆರೆ ತೆರೆಯ ಮೇಲೆ ಏರುವುದನ್ನು ದಿನವಿಡೀ ನೋಡುತ್ತ ಕೂತೆ. ಪಕ್ಕದಲ್ಲೇ ನಾನು ಕಿತ್ತಳೆ ಸುಲಿಯುತ್ತಿದ್ದೆ. "ಎಲ್ಲಾ ಸರಿ ಇದೆಯಾ?" ಎಂದು ಕೇಳಿದ್ದಕ್ಕೆ ನೀನು, "ಹ್ಞೂಂ" ಎಂದೆ.

ಅಮ್ಮನಿಗೆ ಕೇಳಿಸುವುದು ನಿಂತ ಮೇಲೆ ನೀನೇ ಆ ಗೆರೆಯನ್ನು ವಾರ್ಡಿನ ಡಾಕ್ಟರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಇದು ಆವತ್ತೇ ಗೊತ್ತಾಗಿದ್ರೆ ಮುಂದಿನ ಡೋಸ್ ತಡೀತಿದ್ದೆ" ಎಂದರು. ಹೊರಗೆ ಬಂದು ನಾನು ನಿನ್ನನ್ನು ಕೇಳಿದೆ.

"ನೋಡಿಯೂ ಸುಮ್ಮನಿದ್ಯಾ?"

"ಪ್ರಯೋಗ ಮುಗಿಯೋ ತನಕ ಡಾಕ್ಟರಿಗೆ ತೋರಿಸೋ ಹಾಗಿಲ್ಲ. ಅಂಕಿ ತಪ್ಪಾಗಿದ್ದು, ಅದನ್ನ ನಂಬಿ ಔಷಧಿ ನಿಲ್ಲಿಸಿ, ಕಾಲಿನ ಕೀವು ರಕ್ತಕ್ಕೆ ಸೇರಿದ್ರೆ? ಅಮ್ಮನೇ ಇರ್ತಿರಲಿಲ್ಲ."

"ಅಷ್ಟು ನಂಬಿಕೆ ಇಲ್ಲದ್ದನ್ನ ಅಮ್ಮನ ಮೈಗೆ ಯಾಕೆ ಚುಚ್ಚಿದೆ?"

ಔಷಧಿ ನಿಲ್ಲಿಸು ಎಂದು ಯಾರೂ ಕೇಳುತ್ತಿರಲಿಲ್ಲ, ಅಕ್ಕ. "ಅಮ್ಮನ ರಕ್ತ ಇವತ್ತೇ ಪರೀಕ್ಷೆ ಮಾಡಿಸೋಣ" ಎಂದು ಒಂದು ಮಾತು ಸಾಕಿತ್ತು. ಮಗಳಾಗಿ ಆಡಬಹುದಾಗಿದ್ದ ಮಾತು. ತಂತಿ ಮಾಡಿದವಳು ನಿನ್ನೊಳಗಿನ ಮಗಳ ಬಾಯಿ ಮುಚ್ಚಿಸಿದಳು.

ಆ ಗೆರೆ ಆಸ್ಪತ್ರೆಯ ಪರೀಕ್ಷೆಗೆ ಸರಿಯಾಗಿ ಹೊಂದಿತು, ಇನ್ನು ಮುಂದೆ ಎಷ್ಟೋ ರೋಗಿಗಳ ಕಿವಿ ಉಳಿಯುತ್ತದೆ ಎಂದು ಬರೆದಿದ್ದೀಯ. ಉಳಿಯಲಿ. ಅವರು ಪುಣ್ಯವಂತರು. ಅವರಲ್ಲಿ ಅಮ್ಮ ಇಲ್ಲದಿರುವಾಗ ಅದನ್ನು ನನಗೆ ಸಮಾಧಾನವೆಂಬಂತೆ ಹೇಳಲು ನಿನಗೆ ಮನಸ್ಸಾದರೂ ಹೇಗೆ ಬಂತು?

ಅಮ್ಮನನ್ನು ನಿನ್ನ ಮನೆಗೆ ಕರೆದುಕೊಂಡು ಹೋಗುವ ಮಾತು ಬಿಡು. ಬರಬೇಡ. ಬಂದರೆ ಈ ಬಾಗಿಲಲ್ಲಿ ನಾನಿರುತ್ತೇನೆ.

ನಿನ್ನ ಮಗಳಿಗೆ ಚಿಕ್ಕಮ್ಮನ ಆಶೀರ್ವಾದ. ಅವಳು ಚೆನ್ನಾಗಿ ಓದಲಿ, ಗಟ್ಟಿಯಾಗಿ ಮಾತಾಡಲಿ. ನಿನಗೆ ಹಾರೈಸಲು ನನ್ನ ಹತ್ತಿರ ಏನೂ ಉಳಿದಿಲ್ಲ.

ನಿನ್ನ ತಂಗಿ

ಸೇರಿಸಿದ ಮಾತು: ಲಕೋಟೆ ಅಂಟಿಸಲು ಹೊರಟಾಗ ಅಮ್ಮ ಬಂದು ವಿಳಾಸ ನೋಡಿದಳು. "ಬೈದು ಬರೆದಿದ್ದೀಯಾ?" ಎಂದು ಬೀದಿಗೆ ಕೇಳುವಷ್ಟು ಜೋರಾಗಿ ಕೇಳಿದಳು. ಆಮೇಲೆ ಹೇಳಿದಳು, "ಆವತ್ತು ಅವಳು ತೆರೆ ನೋಡ್ತಾ ನೋಡ್ತಾ ಕಣ್ಣು ಒರೆಸ್ಕೋತಿದ್ಲು. ಏನೋ ಕೆಟ್ಟದ್ದಿದೆ, ಹೇಳೋಕಾಗ್ತಿಲ್ಲ ಅಂತ ನನಗೆ ಆಗಲೇ ಗೊತ್ತಾಯ್ತು. ಪಾಪ, ಒಬ್ಬಳೇ ನುಂಗ್ಕೊಂಡ್ಲು. ಬರೋಕೆ ಹೇಳು." ಅವಳ ಮಾತು ತಲುಪಿಸಿದ್ದೇನೆ. ನೀನು ಕೇಳುವ ಮೊದಲೇ ನಿನ್ನನ್ನು ಕ್ಷಮಿಸಿಬಿಟ್ಟಿದ್ದಾಳೆ. ನಾನು ಮಾಡಿದ ತಪ್ಪು ಅವಳಿಗೆ ಒಪ್ಪದವನನ್ನು ಮದುವೆಯಾದದ್ದು, ಅಷ್ಟೆ. ಆಸ್ಪತ್ರೆಯಿಂದ ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದವನು ಅವನೇ. ಇವತ್ತಿಗೂ ಅವನು ಬಂದರೆ ಅಮ್ಮ ಗೋಡೆಯ ಕಡೆ ಮುಖ ತಿರುಗಿಸುತ್ತಾಳೆ.