ನಿನ್ನ ತೋಳಿಲ್ಲದ ಭಾನುವಾರ

ಮನೆಯಿಂದ,
ಮೇ ತಿಂಗಳ ಮಂಗಳವಾರ, ಬೆಳಗಿನ ಕಾಫಿ ಮುಗಿದ ಹೊತ್ತು

ಪ್ರೀತಿಯ ಇವಳೇ,

ಮದುವೆಯಾದಂದಿನಿಂದ ಕರೆದದ್ದೇ ಹೀಗೆ. ಈಗ ಹೆಸರು ಬರೆಯಹೋದರೆ ಬೇರೆ ಯಾರಿಗೋ ಬರೆದಂತಾಗುತ್ತದೆ. ಹೇಗಿದ್ದೀಯ? ನಿನ್ನ ತಂಗಿಯ ಕಣ್ಣಿನ ಕಟ್ಟು ಬಿಚ್ಚಿದರಾ? ಆಪರೇಷನ್ ಆದವರು ಬಗ್ಗಬಾರದಂತೆ, ಕೆಮ್ಮಬಾರದಂತೆ, ನೋಡಿಕೋ. ಹನಿ ಹಾಕುವಾಗ ಮಗುವಿನ ಹಾಗೆ ಮುಖ ತಿರುಗಿಸುತ್ತಾಳೆ ಎಂದೆಯಲ್ಲ, ಗದರಿಸಬೇಡ, ಪಾಪ. ನಾನು ಚೆನ್ನಾಗಿದ್ದೇನೆ. ಸೊಸೆ ಹೊತ್ತಿಗೆ ಸರಿಯಾಗಿ ಬಡಿಸುತ್ತಾಳೆ, ಕಾಫಿಗೆ ಸಕ್ಕರೆ ಮಾತ್ರ ಔಷಧಿಯ ಹಾಗೆ ಅಳೆದು ಹಾಕುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿಕೊಂಡು ಮಾತಾಡುವವಳು, ನಿನ್ನ ತಂಗಿಗೆ ಕಣ್ಣು ಕಟ್ಟಿದ್ದರೂ ಕಿವಿ ತೆರೆದೇ ಇರುತ್ತದೆ. ಇತ್ತ ಸೊಸೆಯೂ ಪಕ್ಕದಲ್ಲೇ ಓಡಾಡುತ್ತಿರುತ್ತಾಳೆ. ಅದಕ್ಕೇ ಈ ಕಾಗದ. ನಿನ್ನ ತಂಗಿಗೆ ಓದಿ ಹೇಳಬೇಡ.

ಭಾನುವಾರ ನಮ್ಮ ಹಳೇ ಕೆಲಸದವರ ಬೇಸಿಗೆ ಊಟಕ್ಕೆ ಹೋಗಿದ್ದೆ, ಅದೇ ಕೆರೆ ಪಕ್ಕದ ಪಾರ್ಕಿಗೆ. ನೀನಿಲ್ಲದೆ ಹೋಗಲೋ ಬೇಡವೋ ಎಂದು ಶನಿವಾರವಿಡೀ ಹೊಯ್ದಾಡಿದೆ. ಇಷ್ಟು ವರ್ಷ ಅಲ್ಲಿ ನನ್ನ ಮಾನ ಉಳಿದದ್ದು ನಿನ್ನ ಉಪಾಯದಿಂದ. ಕೆಟ್ಟ ಮಂಡಿಯ ನಾನು ಏಳಬೇಕಾದಾಗ ನೀನು ಎಲ್ಲಿದ್ದರೂ ಬಂದು, "ರೀ, ಸ್ವಲ್ಪ ಕೈ ಕೊಡಿ, ನನ್ನ ಮಂಡಿ ಹಿಡ್ಕೊಂಡಿದೆ" ಅನ್ನುತ್ತಿದ್ದೆ. ನಿನಗೆ ಆಸರೆ ಕೊಡುವವನ ಹಾಗೆ ನಾನು ನಿನ್ನ ತೋಳು ಹಿಡಿದು ಎದ್ದುಬಿಡುತ್ತಿದ್ದೆ. ನೋಡಿದವರೆಲ್ಲ ಹೆಂಡತಿಯನ್ನು ಎಷ್ಟು ಜೋಪಾನ ಮಾಡುತ್ತಾನಪ್ಪ ಎಂದು ನನ್ನನ್ನೇ ಹೊಗಳುವರು. ನನಗೂ ಆ ಹೊಗಳಿಕೆ ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ನೀನು ಹೇಳಿ ಹೋದದ್ದನ್ನೆಲ್ಲ ಪಾಲಿಸಿದೆ. ಬೆಳಿಗ್ಗೆ ಬಿಸಿನೀರಿನ ಶಾಖ ಕೊಟ್ಟುಕೊಂಡೆ, ಮುಲಾಮು ಹಚ್ಚಿದೆ, ದಪ್ಪ ಅಟ್ಟೆಯ ಬೂಟು ಹಾಕಿದೆ, ನೀರಿನ ಬಾಟಲಿ ಹಿಡಿದೆ. ಎತ್ತರದ ಬೆಂಚಿನ ಮೇಲೇ ಕೂರಿ, ಒಂದೇ ಕಡೆ ಕೂತು ಮರಗಟ್ಟಬೇಡಿ, ಆಗಾಗ ನಾಲ್ಕು ಹೆಜ್ಜೆ ಹಾಕಿ ಅಂದಿದ್ದೆ. ಹೋಗಿ ನೋಡಿದರೆ ಬೆಂಚಿನ ತುಂಬ ಚೀಲ, ಛತ್ರಿ, ಯಾರದೋ ನಿದ್ದೆ ಹೋದ ಕೂಸು. ಅಷ್ಟರಲ್ಲಿ ಗಾರೆ ಕೆಲಸದ ಉದ್ದಣ್ಣ ನನ್ನ ಭುಜದ ಮೇಲೆ ಕೈ ಹಾಕಿ ಚಾಪೆಗೆ ಎಳೆದೇಬಿಟ್ಟ. ಕೂರುವುದೇನು, ಬೀಳುವುದಕ್ಕೆ ಸ್ವಲ್ಪ ಮರ್ಯಾದೆ ಕೊಟ್ಟರೆ ಅದೇ ಕೂರುವುದು. ಏಳುವುದು ಹೇಗೆಂಬ ಯೋಚನೆ ಕೂತ ಕ್ಷಣದಿಂದಲೇ ಶುರುವಾಯಿತು. ಊಟದ ರುಚಿ ಒಂದೂ ತಿಳಿಯಲಿಲ್ಲ.

ಎದ್ದು ಹೋಗಬೇಕಾದ ಪ್ರಸಂಗ ಬರದಿರಲಿ ಎಂದು ಕಿತ್ತಳೆ ಹಣ್ಣಿನ ಬುಟ್ಟಿಯನ್ನು ಮುಂದಕ್ಕೆಳೆದುಕೊಂಡು ಎಲ್ಲರಿಗೂ ಸುಲಿದುಕೊಡತೊಡಗಿದೆ. ಬಂದವರೆಲ್ಲ ಕೇಳುವುದು ಒಂದೇ: "ಅತ್ತಿಗೆ ಮಂಡಿ ಹೇಗಿದೆ? ಅದಕ್ಕೇ ಬಂದಿಲ್ವಾ?" ಹೌದು ಹೌದು ಎಂದು ಗೋಣು ಹಾಕಿದೆ. ಅಷ್ಟರಲ್ಲಿ ಮರದ ಆಚೆಯಿಂದ ನಮ್ಮ ಕಂಟ್ರಾಕ್ಟರರ ಮಗಳು, ಚಿಕ್ಕ ಮೇಡಂ, "ಮೇಸ್ತ್ರಿಗಳೇ, ಒಂದು ನಿಮಿಷ ಇಲ್ಲಿ ಬನ್ನಿ" ಎಂದು ಕರೆದಳು. ಕೇಳಿಸದವನ ಹಾಗೆ ಹಣ್ಣು ಸುಲಿಯುತ್ತಲೇ ಇದ್ದೆ. ಕೊನೆಗೆ ಅವಳೇ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು, ಎಷ್ಟು ಸಲೀಸಾಗಿ ಕೂತಳು ಅಂತೀಯ. ದೊಡ್ಡ ಕಟ್ಟಡವೊಂದರ ನೆಲ ಮುಗಿದಿದೆಯಂತೆ. "ನೀವು ಒಂದ್ಸಲ ತಟ್ಟಿ ನೋಡಿ ಸರಿ ಅಂದ್ರೆ ನನಗೆ ಧೈರ್ಯ" ಎಂದಳು. ಅವಳಪ್ಪನ ಕಾಲದ ಮೇಸ್ತ್ರಿಗಳಲ್ಲಿ ಈಗಲೂ ಕರೆಯುವುದು ನನ್ನೊಬ್ಬನನ್ನೇ. ಟೈಲ್ಸಿನ ಅಡಿ ಟೊಳ್ಳಿದ್ದರೆ ಸದ್ದಿನಲ್ಲೇ ಹಿಡಿಯುವ ಕಿವಿ ನನ್ನದು ಎಂಬ ಹೆಸರು ಇನ್ನೂ ಉಳಿದಿದೆ. ಮಂಡಿಯೂರಲಾಗದ ಟೈಲ್ಸ್ ಮೇಸ್ತ್ರಿ ಎಂದು ಗೊತ್ತಾದರೆ ಆ ಕರೆ ನಿಂತುಹೋಗುತ್ತದೆ. ಆಮೇಲೆ ನಾನು ಈ ಮನೆಯಲ್ಲಿ ಸೊಸೆಗೆ ಅಡ್ಡಡ್ಡ ಬರುವ ಮುದುಕ, ಅಷ್ಟೇ.

ಆಗಲಿ ಅಂದುಬಿಟ್ಟೆ. ಮುಂದಿನ ಸೋಮವಾರ. ಅಂದಾಗಿನಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಪ್ರತಿ ಸಲವೂ ಊಟದ ಡಬ್ಬಿ ತರುವ ನೆಪದಲ್ಲಿ ನೀನು ಜೊತೆಗೆ ಬಂದು, ಬಾಗಿಲು ಹಾಕಿಕೊಂಡು, ಕೋಣೆ ಕೋಣೆಯಲ್ಲೂ ಮಂಡಿಯೂರಿ ಕಬ್ಬಿಣದ ಸಲಾಕೆಯಿಂದ ತಟ್ಟುತ್ತಾ ಹೋಗುತ್ತೀ, ನಾನು ನಿಂತು ಕೇಳಿ ಸೀಮೆಸುಣ್ಣದ ಗುರುತು ಹಾಕಿಸುತ್ತೇನೆ. ನೀನಿಲ್ಲದೆ ಆ ನೆಲದ ಹತ್ತಿರ ಹೋಗುವುದಾದರೂ ಹೇಗೆ? ಭಾನುವಾರದೊಳಗೆ ಬಂದುಬಿಡು. ಎರಡು ದಿನ ನಿನ್ನ ತಂಗಿಯನ್ನು ಪಕ್ಕದ ಮನೆಯವರು ನೋಡಿಕೊಳ್ಳಲಿ.

ಚಾಪೆಯಿಂದ ಎದ್ದ ಕತೆ ಕೇಳು. ಎಲ್ಲರೂ ಹೊರಡುವವರೆಗೆ ಟೋಪಿ ಮುಖದ ಮೇಲೆ ಹಾಕಿ ನಿದ್ದೆ ನಟಿಸಿದೆ. ಮಗ ಕಾರು ತಂದವನು ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿದ. ಕಾಲು ಜೋಮು ಹಿಡಿದಿದೆ ಎಂದೆ, ನಂಬಿದ. ಆದರೆ ದಾರಿಯಲ್ಲಿ ಇನ್ನೊಂದು ಬಾಂಬು ಹಾಕಿದ. "ಅಮ್ಮನ ಮಂಡಿಗೆ ಮೂಳೆ ಡಾಕ್ಟರ ಹತ್ರ ಅಪಾಯಿಂಟ್‌ಮೆಂಟ್ ತಗೊಂಡಿದೀನಪ್ಪ, ಇನ್ನು ತಡ ಮಾಡೋದು ಬೇಡ" ಎಂದ. ನಮ್ಮ ನಾಟಕ ಎಲ್ಲಿಗೆ ಬಂತು ನೋಡು. ನನಗೆ ನಗು ಬಂತು, ಹಿಂದೆಯೇ ಹೆದರಿಕೆಯೂ ಬಂತು. ಡಾಕ್ಟರು ನಿನ್ನ ಮಂಡಿ ನೋಡಿ ಏನೂ ಇಲ್ಲ ಎಂದರೆ ಗುಟ್ಟು ರಟ್ಟಾಯಿತೆಂದೇ ಲೆಕ್ಕ. ನೋವು ಕಡಿಮೆಯಾಗಿದೆ ಎಂದು ನೀನೇ ಮಗನಿಗೆ ಫೋನ್ ಮಾಡಿ ಹೇಳಿ ತಪ್ಪಿಸಿಬಿಡು. ನೀನು ಹೇಳಿದರೆ ನಂಬುತ್ತಾನೆ, ನಾನು ಹೇಳಿದರೆ ಜಿಪುಣ ಅಂತಾನೆ.

ನಿನ್ನ ತಂಗಿಗೆ ನನ್ನ ಆಶೀರ್ವಾದ. ಅವಳ ಕಣ್ಣು ಬೇಗ ತಿಳಿಯಾಗಿ ನನ್ನ ಬೋಳುತಲೆ ನೋಡಿ ಮೊದಲಿನಂತೆ ನಗಲಿ. ನಿನಗೆ ಏನು ಬರೆಯಲಿ, ಬೇಗ ಬಾ, ಅಷ್ಟೇ.

ಇತಿ ನಿನ್ನ,
ಇವ್ರು

ತಾ.ಕ.: ಲಕೋಟೆಗೆ ಅಂಟು ಹುಡುಕಲು ನಿನ್ನ ಬೀರು ತೆಗೆದೆ. ಕಂಬಳಿಯ ಅಡಿಯಲ್ಲಿ ಮಂಡಿಗೆ ಹಾಕುವ ಬಿಗಿಪಟ್ಟಿ ಸಿಕ್ಕಿತು, ಒಂದು ಜೊತೆ. ನನ್ನದಲ್ಲ, ನನ್ನ ಕಾಲಿಗೆ ಏರುವುದೇ ಇಲ್ಲ. ಹಾಕಿ ಹಾಕಿ ಸಡಿಲವಾಗಿದೆ, ಮಂಡಿಚಿಪ್ಪಿನ ಜಾಗದಲ್ಲಿ ಟೈಲ್ಸ್ ಸಂದಿಗೆ ತುಂಬುವ ಬಿಳಿ ಪುಡಿ ಒಗೆದರೂ ಹೋಗದ ಹಾಗೆ ಕೂತಿದೆ. ನಾನು ಎಂಥ ಕುರುಡ. ಯಾಕೆ ಹೇಳಲಿಲ್ಲ ನೀನು? ಚಿಕ್ಕ ಮೇಡಂಗೆ ಈಗಷ್ಟೇ ಫೋನ್ ಮಾಡಿ, ನನ್ನ ಮಂಡಿ ಕೆಟ್ಟಿದೆ, ತಟ್ಟುವುದಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಆಯ್ತು ಅಂದು ಫೋನ್ ಇಟ್ಟಳು. ಮೇಲೆ ಬರೆದದ್ದನ್ನೆಲ್ಲ ಹೊಡೆದುಹಾಕು. ಅವಸರ ಮಾಡಿ ಬರಬೇಡ. ಡಾಕ್ಟರ ಅಪಾಯಿಂಟ್‌ಮೆಂಟ್ ತಪ್ಪಿಸಬೇಡ, ಸಂಜೆ ಮಗನಿಗೆ ಎಲ್ಲಾ ಹೇಳಿ ನನ್ನ ಹೆಸರನ್ನೂ ಸೇರಿಸಲು ಹೇಳುತ್ತೇನೆ. ಅಲ್ಲಿ ತಂಗಿಯ ಮನೆಯಲ್ಲಿ ನೆಲದ ಮೇಲೆ ಕೂತು ಇದನ್ನು ಓದುತ್ತಿದ್ದರೆ, ಯಾರನ್ನಾದರೂ ಕೂಗಿ ಕೈ ಹಿಡಿದು ಎದ್ದು ಕುರ್ಚಿಯ ಮೇಲೆ ಕೂತುಕೋ.